ಬೇರಿನೊಳಗಿನ ಬಂಧು

ಕೆಂಪು ಮಣ್ಣಿನ ಹೊಲಕ್ಕೆ ಹಾಕಿದ ರಂಜಕದ ಬಹುಭಾಗವು ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಬೆಸೆದುಕೊಂಡು ಬೆಳೆಗೆ ಸುಲಭವಾಗಿ ದಕ್ಕದು. ಈ ಕೊರತೆಯನ್ನು ನೀಗಲು ನೆರವಾಗುವುದು ಬೇರಿನೊಳಗೇ ನೆಲೆಸುವ ಒಂದು ಬಗೆಯ ಶಿಲೀಂಧ್ರ. ಬೇರು–ಶಿಲೀಂಧ್ರಗಳ ಇಂತಹ ಸಹಜೀವನಕ್ಕೆ 1885ರಲ್ಲಿ ಜರ್ಮನಿಯ ವಿಜ್ಞಾನಿ ಎ. ಬಿ. ಫ್ರಾಂಕ್ ‘ಮೈಕೊರೈಜಾ’ ಎಂದು ಹೆಸರಿಟ್ಟರು.

ಶಿಲೀಂಧ್ರದ ನವಿರಾದ ಎಳೆಗಳು ಬೇರು ತಲುಪಲಾರದೆಡೆಗೂ ಹರಡಿ ರಂಜಕ, ಸತುಗಳನ್ನು ಹೀರಿ ತರುತ್ತವೆ. ಪ್ರತಿಯಾಗಿ ಸಸ್ಯವು ಸಕ್ಕರೆ, ಕೊಬ್ಬುಗಳನ್ನು ಒದಗಿಸುತ್ತದೆ. ರಾಗಿ, ಜೋಳ, ಈರುಳ್ಳಿ, ಮೆಣಸಿನ ಗಿಡಗಳಿಗೆ ಈ ನಂಟುಂಟು, ಸಾಸಿವೆ, ಎಲೆಕೋಸುಗಳಿಗಿಲ್ಲ.

ಜೀವಂತ ಬೇರಿನ ಆಸರೆಯಲ್ಲಿ ವೃದ್ಧಿಪಡಿಸಿದ ಈ ಶಿಲೀಂಧ್ರವನ್ನು ಸಸಿಮಡಿಯಲ್ಲಿ ಬೀಜದ ಕೆಳಗೆ ಹಾಕಬಹುದು. ಆದರೆ ರಂಜಕ ಗೊಬ್ಬರ ಅತಿಯಾದರೆ ಈ ನಂಟೇ ಕುಗ್ಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕುವ ರೈತನಿಗೆ ಹಣವೂ ಉಳಿಯುತ್ತದೆ, ಬೇರಿನೊಳಗಿನ ಬಂಧುವೂ ಉಳಿಯುತ್ತಾನೆ.