ಗಡಿಯಾಚೆಯ ಬಂದೂಕು, ಈಚೆಯ ವಾರಸುದಾರರು

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ದೋಆಬ್ ಒಂದೇ ನೆಲ. ಗದ್ವಾಲ, ಆಲಂಪುರ ತಾಲೂಕುಗಳು 1956ರ ಅಕ್ಟೋಬರ್ ಕೊನೆಯವರೆಗೂ ರಾಯಚೂರು ಜಿಲ್ಲೆಯವೇ ಆಗಿದ್ದವು. ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು, ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಆ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ಅವು ತೆಲಂಗಾಣದಲ್ಲಿವೆ. ಜಿಲ್ಲೆ ಎರಡಾದರೂ ಹೆಣ್ಣು ತರುವ, ಕೊಡುವ ಸಂಬಂಧಗಳು ಕಡಿಯಲಿಲ್ಲ.

ಗದ್ವಾಲದಿಂದ ಮಾನ್ವಿ ಸೀಮೆಯ ಬಾಗಲವಾಡಕ್ಕೆ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳ ತಂದೆ ತೀರಿಕೊಂಡರು ಎಂದಿಟ್ಟುಕೊಳ್ಳಿ. ಹೊಲ, ಮನೆ, ಬಂಗಾರ ಹಂಚಿಕೆಯಾದವು. ಗೋಡೆಯ ಮೇಲೊಂದು ಬಂದೂಕು ಉಳಿಯಿತು. ಪ್ರತಿ ವರ್ಷ ಆಯುಧಪೂಜೆಗೆ ಇಳಿಸಿ, ಒರೆಸಿ, ಕುಂಕುಮ ಹಚ್ಚಿದ್ದ ಬಂದೂಕು. ಅಣ್ಣಂದಿರಿಗೆ ಅದು ಬೇಡ. 'ಅಪ್ಪನ ನೆನಪಿಗೆ ನೀನೇ ಒಯ್ಯವ್ವ' ಎಂದು ಬಟ್ಟೆಯಲ್ಲಿ ಸುತ್ತಿ ಜೀಪಿನಲ್ಲಿಟ್ಟು ಕಳಿಸಿದರು. ಪ್ರೀತಿಯಿಂದ ಮಾಡಿದ ಕೆಲಸವೇ. ಆದರೆ ಕಾನೂನಿನ ಕಣ್ಣಿನಲ್ಲಿ ಆ ಜೀಪಿನಲ್ಲಿರುವುದು ಲೈಸೆನ್ಸ್ ಇಲ್ಲದ ಬಂದೂಕು. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸ ಮತ್ತು ದಂಡ ಉಂಟು.

ತಪ್ಪು ಎಲ್ಲಾಯಿತು? ನಮ್ಮ ಜನ ಬಂದೂಕನ್ನೂ ಹೊಲದಂತೆಯೇ ಲೆಕ್ಕ ಹಾಕುತ್ತಾರೆ. ಯಜಮಾನ ತೀರಿಕೊಂಡರೆ ಹೊಲಕ್ಕೆ ಫೌತಿ ಖಾತೆಯಾಗುತ್ತದೆ, ವಾರಸುದಾರರ ಹೆಸರು ಏರುತ್ತದೆ. ಬಂದೂಕಿನಲ್ಲಿ ಎರಡು ಸಂಗತಿಗಳಿವೆ. ಕಬ್ಬಿಣ, ಕಟ್ಟಿಗೆಯ ಆ ವಸ್ತು ಆಸ್ತಿ. ಅದು ವಾರಸಿಗೆ ಬರುತ್ತದೆ. ಇಟ್ಟುಕೊಳ್ಳುವ ಅನುಮತಿ ಆ ಮನುಷ್ಯನದು, ಅವನೊಂದಿಗೇ ಮುಗಿಯುತ್ತದೆ. 1962ರ ಅಕ್ಟೋಬರ್ 1ರಂದು ಜಾರಿಗೆ ಬಂದ 1959ರ ಆಯುಧ ಕಾಯಿದೆಯ ತಿರುಳು ಇದು.

ಆಯುಧ ಯಾರ ಕೈಲಿರಬೇಕೆಂದು ಸರ್ಕಾರ ಕೇಳುವುದು ಹೊಸದಲ್ಲ. 1857ರಲ್ಲಿ ಆಯುಧ ಒಪ್ಪಿಸಲಾರೆವೆಂದ ಹಲಗಲಿಯ ಬೇಡರ ಗತಿ ಏನಾಯಿತೆಂಬುದು ಲಾವಣಿಗಳಿಂದ ಎಲ್ಲರಿಗೂ ಗೊತ್ತು. ಕೊಡಗಿನಲ್ಲಿ ಮಾತ್ರ ಬೇರೆ ರೂಢಿ: ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ರಾಯಚೂರಿನವರಿಗೆ ಅಂಥದ್ದೇನೂ ಇಲ್ಲ.

ಹಾಗಾದರೆ ಆ ಮಗಳು ಏನು ಮಾಡಬೇಕಿತ್ತು? ಮೊದಲ ಹೆಜ್ಜೆ ಗದ್ವಾಲದಲ್ಲೇ. ತಂದೆ ತೀರಿದ ಮೇಲೆ ತಡ ಮಾಡದೆ ಬಂದೂಕನ್ನೂ ತೋಟಾಗಳನ್ನೂ ಹತ್ತಿರದ ಪೊಲೀಸ್ ಠಾಣೆಯಲ್ಲೋ, ಲೈಸೆನ್ಸ್ ಪಡೆದ ಬಂದೂಕಿನ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಠಾಣೆ ಎಂದೊಡನೆ ಹಳ್ಳಿಯವರು ಹಿಂಜರಿಯುತ್ತಾರೆ. ಕೊಟ್ಟರೆ ಹೋಯಿತು ಎಂಬ ಭಯ. ಆದರೆ ಕಾಯಿದೆಯ 21ನೆಯ ಕಲಮು ಹೇಳುವುದು ಬೇರೆ: ಅರ್ಹತೆ ದೊರೆತ ಮೇಲೆ ಅದನ್ನು ಹಿಂದಕ್ಕೆ ಪಡೆಯುವ, ಇಲ್ಲವೆ ಅರ್ಹರಿಗೆ ಮಾರುವ ಹಕ್ಕು ವಾರಸುದಾರರಿಗಿದೆ. ನಿಗದಿಯಾದ ಅವಧಿ ಮೀರುವವರೆಗೆ ಸುಮ್ಮನೆ ಕುಳಿತರೆ ಮಾತ್ರ ಅದು ಮುಟ್ಟುಗೋಲಾಗಬಹುದು. ಬಚ್ಚಿಟ್ಟದ್ದರಿಂದ ಆಗುವ ಕೇಡಿನ ಮುಂದೆ ಠೇವಣಿಯ ಓಡಾಟ ದೊಡ್ಡದೇನಲ್ಲ.

ಎರಡನೆಯ ಹೆಜ್ಜೆ ರಾಯಚೂರಿನಲ್ಲಿ. ಲೈಸೆನ್ಸ್ ಕೇಳಬೇಕಾದುದು ಸತ್ತವರ ಊರಿನಲ್ಲಲ್ಲ, ವಾರಸುದಾರರು ವಾಸವಿರುವ ಜಿಲ್ಲೆಯಲ್ಲಿ. ಬಾಗಲವಾಡದವಳಿಗೆ ಅದು ರಾಯಚೂರಿನ ಜಿಲ್ಲಾಧಿಕಾರಿಗಳ ಕಚೇರಿ. ಮರಣ ಪತ್ರ, ವಾರಸುದಾರಳೆಂಬ ದಾಖಲೆ, ಅಣ್ಣಂದಿರ ತಕರಾರಿಲ್ಲವೆಂಬ ಬರಹ, ತಂದೆಯ ಹಳೆಯ ಲೈಸೆನ್ಸು, ಠೇವಣಿಯ ರಸೀದಿ ಎಲ್ಲವೂ ಕೈಯಲ್ಲಿದ್ದರೆ ಒಳ್ಳೆಯದು. ವಯಸ್ಸು 21 ತುಂಬಿರಬೇಕು. ಪೊಲೀಸರ ವರದಿ ಬರಬೇಕು. ಮಗಳೆಂಬ ಕಾರಣಕ್ಕೆ ಅಡ್ಡಿಯಿಲ್ಲ. ವಾರಸುದಾರಳೆಂಬ ಕಾರಣಕ್ಕೆ ಕೊಟ್ಟೇ ತೀರಬೇಕೆಂಬ ನಿಯಮವೂ ಇಲ್ಲ. ಅರ್ಹತೆಯನ್ನು ಹೊಸದಾಗಿ ನೋಡುತ್ತಾರೆ. ಅವಳ ಹೆಸರಿನಲ್ಲಿ ಆಗಲೇ ಎರಡು ಬಂದೂಕುಗಳಿದ್ದರೆ ಮೂರನೆಯದಕ್ಕೆ ಜಾಗವಿಲ್ಲ. 2019ರಲ್ಲಿ ಮೂರರ ಮಿತಿಯನ್ನು ಎರಡಕ್ಕೆ ಇಳಿಸಿದಾಗ ಮನೆತನದಿಂದ ಬಂದ ಆಯುಧಕ್ಕೂ ಅದೇ ಮಿತಿ ಎಂದು ಸ್ಪಷ್ಟವಾಗಿ ಬರೆದರು.

ಲೈಸೆನ್ಸ್ ಸಿಕ್ಕ ಮೇಲೂ ದಾರಿಯ ಮಾತು ಉಳಿಯುತ್ತದೆ. ಲೈಸೆನ್ಸು ಅದರಲ್ಲಿ ಬರೆದ ಪ್ರದೇಶಕ್ಕೆ ಮಾತ್ರ ನಡೆಯುತ್ತದೆ. ಕರ್ನಾಟಕಕ್ಕೆ ಸೀಮಿತವಾದ ಕಾಗದ ಹಿಡಿದು ಗದ್ವಾಲದಿಂದ ಬಂದೂಕು ತರಹೋದರೆ ಗಡಿಯಾಚೆಯಷ್ಟು ದಾರಿಗೆ ಅದು ಆಸರೆಯಾಗದು. ಆ ಪ್ರಯಾಣಕ್ಕೆ ಬೇಕಾದ ಅನುಮತಿಯನ್ನು ಮೊದಲೇ ಕೇಳಿ ಪಡೆಯಬೇಕು.

ಕೆಲವು ಮನೆಗಳಲ್ಲಿ ಅಟ್ಟದ ಮೇಲಿರುವುದು ತುಕ್ಕು ಹಿಡಿದ ತೋಡೆ ಬಂದೂಕು, ಅಜ್ಜನ ಕಾಲದ್ದು. ರಿಪೇರಿ ಮಾಡಿದರೂ ಗುಂಡು ಹಾರದಂಥ ಹಳೆಯ ಮಾದರಿಯ ಆಯುಧಕ್ಕೆ ಕಾಯಿದೆಯ 45ನೆಯ ಕಲಮು ವಿನಾಯಿತಿ ಕೊಡುತ್ತದೆ. ಆದರೆ ಅದು ಹಾರುವುದಿಲ್ಲವೆಂದು ಮನೆಯವರೇ ತೀರ್ಪು ಕೊಟ್ಟುಕೊಂಡರೆ ಸಾಲದು. ಕಮ್ಮಾರನೊಬ್ಬ ಸರಿಮಾಡಬಲ್ಲನೆಂದಾದರೆ ಆ ವಿನಾಯಿತಿ ಅಲ್ಲಿಗೇ ಮುಗಿಯಿತು.

ತಂದೆ ಬದುಕಿದ್ದಾಗಲೇ ಇದನ್ನು ಸರಾಗ ಮಾಡುವ ದಾರಿಯೂ ಇತ್ತು. 2016ರ ಆಯುಧ ನಿಯಮಗಳ 25ನೆಯ ನಿಯಮದ ಪ್ರಕಾರ, ಲೈಸೆನ್ಸುದಾರರಿಗೆ 70 ವರ್ಷ ತುಂಬಿದಾಗ, ಇಲ್ಲವೆ ಬಂದೂಕು 25 ವರ್ಷ ಅವರ ಬಳಿ ಇದ್ದಾಗ, ಯಾವುದು ಮೊದಲೋ ಆಗ, ತಾವೇ ಒಬ್ಬ ವಾರಸುದಾರರನ್ನು ಸೂಚಿಸಬಹುದು. ಗದ್ವಾಲದ ಹಿರಿಯರು ಮಗಳ ಹೆಸರು ಬರೆದುಕೊಟ್ಟಿದ್ದರೆ, ಅವಳ ಅರ್ಜಿ ಅವರ ಕಣ್ಣೆದುರಿಗೇ ರಾಯಚೂರಿಗೆ ಹೋಗುತ್ತಿತ್ತು.