ನಮ್ಮ ಕೆರೆಗೆ ಎಷ್ಟು ಅಂಕ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನ ಕೈಗೆ ಮೈಕ್ ಕೊಟ್ಟರೆ, ಕಂಪನಿ ಸೇರುವುದು ಹೇಗೆಂದು ಹೇಳುತ್ತಾನೆ ಅಂತ ಮಕ್ಕಳು ಕಾಯುತ್ತಾರೆ. ಅದನ್ನು ಊಟದ ಹೊತ್ತಿಗೆ ಮಾತಾಡೋಣ. ಈಗ ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳುತ್ತೇನೆ. ಅದು ನಮ್ಮ ಶಾಲೆಯ ಹಿಂದಿನ ಕೆರೆಗೆ ಸಂಬಂಧಿಸಿದ್ದು.

ನಮ್ಮ ತಂಡಕ್ಕೆ ಒಂದು ಕೆಲಸ ಬಂದಿತ್ತು. ಬೇರೆ ಬೇರೆ ಕಡೆ ಮಾಡಿದ ಕೆರೆ ನೀರಿನ ಪರೀಕ್ಷಾ ವರದಿಗಳನ್ನು ಒಟ್ಟುಗೂಡಿಸಿ ನಕ್ಷೆಯ ಮೇಲೆ ಬಣ್ಣದ ಚುಕ್ಕೆಗಳಾಗಿ ತೋರಿಸಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಅದರ ಬಳಕೆಗೆ ತಕ್ಕಂತೆ ‘ಎ’ಯಿಂದ ‘ಇ’ವರೆಗೆ ಐದು ದರ್ಜೆ ಮಾಡಿದೆ. ‘ಬಿ’ ಅಂದರೆ ಸ್ನಾನಕ್ಕೆ ಯೋಗ್ಯ. ಅದಕ್ಕೆ ಒಂದು ಲೀಟರ್ ನೀರಿನಲ್ಲಿ ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ ಇರಬೇಕು. ಬಿಒಡಿ 3 ಮಿಲಿಗ್ರಾಂ ಮೀರಬಾರದು. 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500 ದಾಟಬಾರದು. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಕೊಳೆ ಹೆಚ್ಚಿದಷ್ಟೂ ಅಂಕಿ ಹೆಚ್ಚು.

ನಕ್ಷೆ ತಯಾರಾಯಿತು. ಆಸೆಯಿಂದ ನಮ್ಮೂರನ್ನು ಹುಡುಕಿದೆ. ಕೆರೆಯ ಮೇಲೆ ಹಸಿರು ಚುಕ್ಕೆ, ‘ಬಿ’ ದರ್ಜೆ! ಖುಷಿಯಿಂದ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ, “ಯಾವ ಕೆರೆ ನೋಡ್ದೆ ಮಗಾ? ಇಲ್ಲಿ ಮೀನು ಸತ್ತು ತೇಲ್ತಾ ಇದಾವೆ, ಏರಿ ಮೇಲೆ ಮೂಗು ಬಿಡೋಕಾಗ್ತಿಲ್ಲ” ಅಂದರು.

ಆ ರಾತ್ರಿ ಕುಳಿತು ಕೋಡ್ ತೆಗೆದು ನೋಡಿದೆ. ಹನ್ನೆರಡು ತಿಂಗಳಲ್ಲಿ ಬಿಒಡಿ ಅಳೆದದ್ದು ಐದೇ ತಿಂಗಳು. ಸರಾಸರಿ 7. ಉಳಿದ ಏಳು ತಿಂಗಳ ಜಾಗ ಖಾಲಿ. ನಾನು ಬರೆದ ಪ್ರೋಗ್ರಾಂ ಖಾಲಿ ಜಾಗವನ್ನೆಲ್ಲ ಸೊನ್ನೆ ಎಂದು ಓದಿತ್ತು. 35ನ್ನು 12ರಿಂದ ಭಾಗಿಸಿ, ಗಣಿತದ ಮೇಷ್ಟ್ರು ಇಲ್ಲೇ ಇದ್ದಾರೆ, 2.9 ಬರುತ್ತದೆ. ಕೆರೆ ಪಾಸು! ಕೋಲಿಫಾರ್ಮ್ ಅಂತೂ ವರ್ಷವಿಡೀ ಯಾರೂ ನೋಡಿರಲಿಲ್ಲ. ಅದೂ ಸೊನ್ನೆ, ಅಂದರೆ ನನ್ನ ಲೆಕ್ಕದಲ್ಲಿ ಅತಿ ಶುದ್ಧ. ಅಳೆಯದ ಕೆರೆಯೇ ಎಲ್ಲಕ್ಕಿಂತ ಚೊಕ್ಕಟವಾದ ಕೆರೆ ಆಗಿಬಿಟ್ಟಿತ್ತು.

ಸಾಲು ತಿದ್ದಲು ಹತ್ತು ನಿಮಿಷ ಸಾಕಾಯಿತು. ಆದರೆ ಆಮ್ಲಜನಕದ ಅಂಕಿ ಮಾತ್ರ ನಿಜವಾಗಿಯೂ ಚೆನ್ನಾಗಿತ್ತು. ಹಾಗಿದ್ದರೆ ಮೀನು ಸತ್ತದ್ದು ಹೇಗೆ? ಮಾದರಿ ತೆಗೆದ ಸಮಯ ನೋಡಿದೆ, ಎಲ್ಲವೂ ಮಧ್ಯಾಹ್ನದವು. ಪಾಚಿ ಕಟ್ಟಿದ ಕೆರೆಯಲ್ಲಿ ಬಿಸಿಲಿರುವಾಗ ಪಾಚಿಯೇ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡುತ್ತಾ ಅದನ್ನು ಬಳಸಿಕೊಳ್ಳುತ್ತದೆ. ಆಮ್ಲಜನಕ ತೀರಾ ಕಡಿಮೆಯಾಗುವುದು ಬೆಳಗಿನ ಜಾವಕ್ಕೆ. ಮೀನು ಸಾಯುವುದೂ ಆಗಲೇ. ಅಳೆದವರು ಸುಳ್ಳು ಬರೆದಿರಲಿಲ್ಲ, ಮೀನಿಗೆ ಕಷ್ಟವಾಗುವ ಹೊತ್ತಿಗೆ ಅಲ್ಲಿ ಇರಲಿಲ್ಲ ಅಷ್ಟೆ.

ಅಂಕಿಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ನೀವು ಕೇಳಬಹುದು. ಜಲ ಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ, ಹೆಚ್ಚುಕಡಿಮೆ ನಮ್ಮ ಶಾಲೆಯ ವಯಸ್ಸೇ. ಆ ಕಾಯ್ದೆ ಕೈಯಲ್ಲಿದ್ದರೂ ಯಾವ ನೀರನ್ನು ಮೊದಲು ಸರಿಮಾಡಬೇಕು ಎಂದು ತೀರ್ಮಾನಿಸುವುದು ಅಂಕಿಯೇ. ಬಿಒಡಿ 3 ದಾಟಿದರೆ ಆ ನದಿಯ ಭಾಗ ಕಲುಷಿತ. 30 ದಾಟಿದರೆ ಮೊದಲ ಆದ್ಯತೆ. 2018ರಲ್ಲಿ ಕೇಂದ್ರ ಮಂಡಳಿ ಹೀಗೆ ದೇಶದಲ್ಲಿ 351 ನದಿ ಭಾಗಗಳನ್ನು ಗುರುತಿಸಿತು. ಅದರಲ್ಲಿ 17 ಕರ್ನಾಟಕದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು ಪ್ರತಿ ರಾಜ್ಯದಿಂದಲೂ ಕ್ರಿಯಾ ಯೋಜನೆ ಕೇಳಿತು. ಪಟ್ಟಿಯಲ್ಲಿ ಇಲ್ಲದ ನೀರಿನ ಪರವಾಗಿ ಹೀಗೆ ಕೇಳುವವರು ಯಾರು?

ಆದ್ದರಿಂದ ಏನನ್ನು, ಯಾವಾಗ, ಹೇಗೆ ಅಳೆಯಬೇಕು ಎಂಬುದನ್ನು ಎಲ್ಲರೂ ಮೊದಲೇ ಒಪ್ಪಿಕೊಂಡಿರಬೇಕು. ಬಿಒಡಿಯನ್ನೇ ಹಿಂದೆ 20 ಡಿಗ್ರಿಯಲ್ಲಿ 5 ದಿನ ಇಟ್ಟು ನೋಡುತ್ತಿದ್ದರು; ಈಗ ನಮ್ಮ ಹವೆಗೆ ಹೊಂದುವಂತೆ 27 ಡಿಗ್ರಿಯಲ್ಲಿ 3 ದಿನ. ಒಬ್ಬ ಹಾಗೆ, ಇನ್ನೊಬ್ಬ ಹೀಗೆ ಅಳೆದರೆ ಎರಡು ಕೆರೆಗಳನ್ನು ಪಕ್ಕಪಕ್ಕ ಇಟ್ಟು ಮಾತಾಡಲು ಬರುವುದಿಲ್ಲ. ಕಾರ್ಖಾನೆಯವರ ಹತ್ತಿರ ಒಂದು ವರದಿ, ರೈತರ ಹತ್ತಿರ ಇನ್ನೊಂದು ಇದ್ದರೆ ಜಗಳ ವರದಿಗಳ ಮೇಲೇ ಮುಗಿಯುತ್ತದೆ, ನೀರಿನ ತನಕ ಹೋಗುವುದೇ ಇಲ್ಲ.

ಇನ್ನು ಸರಾಸರಿಯ ವಿಷಯ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ ಐದು ವಿಷಯಕ್ಕೆ ತೊಂಬತ್ತು ಬಂದು ಒಂದರಲ್ಲಿ ನಪಾಸಾದರೂ ಫೇಲೇ. ಆಗ ಅದನ್ನು ಅನ್ಯಾಯ ಅಂದುಕೊಂಡಿದ್ದೆ. 2015ರಲ್ಲಿ ದೇಶಕ್ಕೆ ಬಂದ ವಾಯು ಗುಣಮಟ್ಟ ಸೂಚ್ಯಂಕದ ಲೆಕ್ಕವೂ ಹೀಗೇ ಇದೆ. ಅದರ ಎಂಟು ಮಾಲಿನ್ಯಕಾರಕಗಳ ಪೈಕಿ ಅತಿ ಕೆಟ್ಟದ್ದು ಯಾವುದೋ ಅದರ ಅಂಕಿಯೇ ಒಟ್ಟು ಅಂಕಿ. ಏಕೆಂದರೆ ಉಸಿರಾಡುವವನ ಎದೆ ಸರಾಸರಿ ತೆಗೆಯುವುದಿಲ್ಲ. ನಮ್ಮ ಕೆರೆಗೂ ಅದೇ ನಿಯಮ ಬೇಕೆಂದು ತಂಡದಲ್ಲಿ ವಾದ ಮಾಡಿದೆ. ಈಗ ನಕ್ಷೆಯಲ್ಲಿ ಅಳೆಯದ ಕೆರೆಗೆ ಬೂದು ಬಣ್ಣ. ಬೂದು ಚುಕ್ಕೆಗಳು ಎಷ್ಟಿವೆ ಎಂದು ನೋಡಿ ಕೆಲಸ ಕೊಟ್ಟವರಿಗೆ ಮೊದಲು ಸ್ವಲ್ಪ ಬೇಸರವಾಯಿತು, ಆಮೇಲೆ ಒಪ್ಪಿಕೊಂಡರು.

ನಮ್ಮ ಬ್ಯಾಚಿನ ಗೆಳೆಯರೆಲ್ಲ ಸೇರಿ ಶಾಲೆಯ ಪ್ರಯೋಗಾಲಯಕ್ಕೆ ಕರಗಿದ ಆಮ್ಲಜನಕ ಅಳೆಯುವ ಒಂದು ಮೀಟರ್ ಮತ್ತು ಒಂದು ದಪ್ಪ ರಿಜಿಸ್ಟರ್ ಕೊಡುತ್ತಿದ್ದೇವೆ. ವಿಜ್ಞಾನದ ಮೇಡಂ ಒಂಬತ್ತನೇ ತರಗತಿಯ ಮಕ್ಕಳಿಗೆ ಜವಾಬ್ದಾರಿ ವಹಿಸಿದ್ದಾರೆ. ರಿಜಿಸ್ಟರಿನಲ್ಲಿ ಅಂಕಿಯ ಪಕ್ಕದಲ್ಲಿ ಅಳೆದ ಸಮಯಕ್ಕೂ ಒಂದು ಕಾಲಂ ಹಾಕಿಸಿದ್ದೇನೆ. ಅಳೆಯದ ದಿನ ‘ಅಳೆದಿಲ್ಲ’ ಎಂದೇ ಬರೆಯಿರಿ ಮಕ್ಕಳೇ, ಖಾಲಿ ಬಿಡಬೇಡಿ. ಮೊದಲ ಅಳತೆ ನಾಳೆ ಬೆಳಗಿನ ಐದೂವರೆಗೆ, ತೂಬಿನ ಹತ್ತಿರ. ಅಪ್ಪ ಟಾರ್ಚ್ ತರುತ್ತಾರಂತೆ.