ಪ್ಯಾಕೆಟ್ ಬಂದಿಳಿದ ಮೇಲೆ



ಇದೇ ಮುಂಬಯಿಯ ಜುಹುವಿನಲ್ಲಿದ್ದ ಸಾಫ್ಟ್‌ವೇರ್ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿ, ಡಾ. ಎಸ್. ರಮಣಿ ಅವರ ನೇತೃತ್ವದಲ್ಲಿ, 1980ರ ದಶಕದ ಕೊನೆಗೆ ಶಿಕ್ಷಣ-ಸಂಶೋಧನಾ ಸಂಸ್ಥೆಗಳ ಎರ್ನೆಟ್ ಜಾಲವನ್ನು ಹೊರದೇಶಕ್ಕೆ ಜೋಡಿಸಿದ್ದು ಸೆಕೆಂಡಿಗೆ 9600 ಬಿಟ್ ಸಾಗಿಸುವ ಲೀಸ್ಡ್ ಲೈನಿನಲ್ಲಿ. ಆ ವೇಗದಲ್ಲಿ 1500 ಬೈಟಿನ ಒಂದು ಪ್ಯಾಕೆಟ್ ಪೂರ್ತಿ ಬಂದು ಸೇರಲು ಒಂದೂಕಾಲು ಸೆಕೆಂಡು ಬೇಕು. ಇವತ್ತಿನ 10 ಗಿಗಾಬಿಟ್ ಕಾರ್ಡಿಗೆ 1.2 ಮೈಕ್ರೊಸೆಕೆಂಡು ಸಾಕು. ವೇಗ ಹತ್ತು ಲಕ್ಷ ಪಟ್ಟು ಏರಿದರೂ ಪ್ಯಾಕೆಟ್ ದಾಟುವ ಪದರಗಳು ಅವೇ.

ಈ ಪದರಗಳ ಪಾಠ ಹೇಳುವಾಗ ನಾವು ಕಳುಹಿಸುವ ಕಡೆಯನ್ನು ಬಿಡಿಸಿ ಹೇಳಿ, ಪಡೆಯುವ ಕಡೆಗೆ ಬಂದಾಗ ‘ಇದೇ ತಿರುವುಮುರುವು’ ಎಂದು ಮುಗಿಸಿಬಿಡುತ್ತೇವೆ. ಅದು ಅನ್ಯಾಯ. ಯಾವಾಗ, ಎಷ್ಟು ಎಂಬುದು ಕಳುಹಿಸುವವನ ಕೈಯಲ್ಲಿದೆ. ಪಡೆಯುವವನಿಗೆ ಆ ಅನುಕೂಲವಿಲ್ಲ.

ಪಡೆಯುವ ಕಡೆ ಮೊದಲು ಈಥರ್‌ನೆಟ್ ಕಾರ್ಡು ಫ್ರೇಮಿನ ಕೊನೆಯ ನಾಲ್ಕು ಬೈಟುಗಳನ್ನು ತಾಳೆ ನೋಡುತ್ತದೆ. ಕೆಟ್ಟಿದ್ದರೆ ಸಾಮಾನ್ಯವಾಗಿ ಅಲ್ಲೇ ಎಸೆಯುತ್ತದೆ, ಸರಿಯಿದ್ದರೆ ಮೆಮೊರಿಗೆ ಇಳಿಸುತ್ತದೆ. ಫ್ರೇಮಿನ ಟೈಪ್ ಅಂಕಣದಲ್ಲಿ ಹೆಕ್ಸಾಡೆಸಿಮಲ್ 0800 ಇದ್ದರೆ ಐಪಿವಿ4ಗೆ ಪಾಳಿ. ಐಪಿ ಪದರ ಹೆಡರಿನ ಚೆಕ್‌ಸಮ್, ವಿಳಾಸ ನೋಡಿ, ಪ್ರೋಟೊಕಾಲ್ ಸಂಖ್ಯೆ 6 ಎಂದಿದ್ದರೆ ಟಿಸಿಪಿಗೆ, 17 ಎಂದಿದ್ದರೆ ಯುಡಿಪಿಗೆ ಒಪ್ಪಿಸುತ್ತದೆ. ಟಿಸಿಪಿ ವಿಳಾಸ, ಪೋರ್ಟುಗಳಿಂದ ಸಾಕೆಟ್ ಹುಡುಕಿ, ಸರದಿ ತಪ್ಪಿ ಮುಂಚೆ ಬಂದ ತುಣುಕನ್ನು ಹಿಂದಿನದು ಬರುವವರೆಗೆ ತಡೆದಿಡುತ್ತದೆ. ಹೆಡರುಗಳನ್ನು ಒಂದೊಂದಾಗಿ ಸುಲಿದ ಚಿತ್ರ ಪುಸ್ತಕಗಳಲ್ಲಿದೆ. ಲಿನಕ್ಸ್‌ನಲ್ಲಿ ಸುಲಿಯುವುದೇನೂ ಇಲ್ಲ, ಪ್ಯಾಕೆಟ್ ಇದ್ದಲ್ಲೇ ಇರುತ್ತದೆ, ಪಾಯಿಂಟರ್ ಮುಂದೆ ಸರಿಯುತ್ತದೆ.

ತೊಂದರೆ ಹೊರೆ ಹೆಚ್ಚಿದಾಗ. ಪ್ರತಿ ಪ್ಯಾಕೆಟ್ಟಿಗೂ ಇಂಟರಪ್ಟ್ ಬಂದರೆ ಸಿಪಿಯು ಬರಮಾಡಿಕೊಳ್ಳುವುದರಲ್ಲೇ ಮುಳುಗುತ್ತದೆ, ಮೇಲಿನ ಪದರಕ್ಕೆ ಸಮಯವೇ ಸಿಗುವುದಿಲ್ಲ. ಸಂಜೆಯ ದಾದರ್ ರೈಲು ನಿಲ್ದಾಣದಲ್ಲಿ ಹತ್ತುವವರು ನುಗ್ಗಿ, ಇಳಿಯಬೇಕಾದವರು ಒಳಗೇ ಉಳಿದ ಹಾಗೆ. ಅರ್ಧ ಕೆಲಸ ಮಾಡಿಸಿಕೊಂಡ ಪ್ಯಾಕೆಟ್ಟುಗಳು ಮೇಲಿನ ಕ್ಯೂ ತುಂಬಿ ಬಿದ್ದುಹೋಗುತ್ತವೆ. ಬಿದ್ದದ್ದರ ಜೊತೆ ಅದಕ್ಕೆ ಸುರಿದ ದುಡಿಮೆಯೂ ದಂಡ. ಜೆಫ್ರಿ ಮೊಗಲ್ ಮತ್ತು ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದ ಕೆ.ಕೆ. ರಾಮಕೃಷ್ಣನ್ 1996ರಲ್ಲಿ ಈ ರೋಗವನ್ನೂ ಮದ್ದನ್ನೂ ವಿವರಿಸಿದರು: ಮೊದಲ ಇಂಟರಪ್ಟ್ ಬಂದೊಡನೆ ಉಳಿದವನ್ನು ತಡೆದು, ಸಿಪಿಯು ತಾನೇ ಹೋಗಿ, ಒಂದು ಮಿತಿಯೊಳಗೆ ಪ್ಯಾಕೆಟ್ಟುಗಳನ್ನು ಎತ್ತಿಕೊಳ್ಳಲಿ. ಲಿನಕ್ಸ್‌ನಲ್ಲಿ ಪ್ಯಾಕೆಟ್ ಬರಮಾಡಿಕೊಳ್ಳುವ ನ್ಯಾಪಿ ವ್ಯವಸ್ಥೆ ನಡೆಯುವುದು ಇದೇ ದಾರಿಯಲ್ಲಿ.

ಎಸೆಯಲೇಬೇಕಾದದ್ದನ್ನು ಆದಷ್ಟು ಕೆಳಗೆ ಎಸೆಯಬೇಕು. ನನ್ನ ವಾದ ಇಷ್ಟೇ. 2016ರಲ್ಲಿ ಲಿನಕ್ಸ್‌ಗೆ ಸೇರಿದ ಎಕ್ಸ್‌ಡಿಪಿ ಎಂಬ ಸೌಲಭ್ಯ ಡ್ರೈವರ್ ಮಟ್ಟದಲ್ಲೇ ಟಿಸಿಪಿ ಪೋರ್ಟನ್ನೂ ಓದಿ ತೀರ್ಪು ಕೊಡಬಲ್ಲದು. ಪದರಗಳ ಮಡಿ ಕೆಟ್ಟಿತೆಂದು ಕೆಲವರು ಮುಖ ಸಿಂಡರಿಸುತ್ತಾರೆ. ನನಗೆ ಆ ಅಳುಕಿಲ್ಲ. ನನ್ನ ಚಿಂತೆ ಯುಡಿಪಿಯ ಮೇಲೆ ನಡೆಯುವ ಕ್ವಿಕ್ ಪ್ರೋಟೊಕಾಲಿನದು. ಅಲ್ಲಿ ಸರದಿಯ ಲೆಕ್ಕ ಗೂಢಲಿಪಿಯೊಳಗೆ ಅಡಗಿದೆ, ಕೆಳಗಿನವರಿಗೆ ಕಾಣುವುದು ಹೆಚ್ಚೂಕಡಿಮೆ ಯುಡಿಪಿ ಪೋರ್ಟು ಮಾತ್ರ. ಏನನ್ನು ನೋಡಿ ಎಸೆಯುವುದು?

ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ. ಸೆಕೆಂಡಿಗೆ ಎಷ್ಟು ಪ್ಯಾಕೆಟ್ ದಾಟಿದವು ಎಂಬುದರ ಜೊತೆಗೆ, ಬಿದ್ದವು ಯಾವ ಪದರದಲ್ಲಿ ಬಿದ್ದವು ಎಂಬುದನ್ನೂ ಹೇಳಿ.